ದೌಲಪ್ಪನವರ ಕೆಮ್ಮಿಗೆ ದೂರದ ಮದ್ದು

ದೌಲಪ್ಪನವರಿಗೆ ಕೆಮ್ಮಿನ ಕಾಯಿಲೆ ಇರಲಿಲ್ಲ. ಆದರೂ ತಿಂಗಳಿಗೆ ಹನ್ನೊಂದು ದಿನ ಅವರು ತಪ್ಪದೆ ಕೆಮ್ಮುತ್ತಿದ್ದರು. ಬಚ್ಚಲಿಗೆ ಹೋಗುವಾಗ ಒಂದು ಕೆಮ್ಮು, ಬರುವಾಗ ಎರಡು, ಹಾಲ್‌ನ ಹೊಸ್ತಿಲಲ್ಲಿ ನಿಂತು ಮೂರು, ಕುಡಿಯಲು ನೀರು ಬೇಕಾದರೆ ಅಡುಗೆಮನೆಯ ಕಡೆ ಮುಖ ಮಾಡಿ ನಾಲ್ಕು. ಎದುರುಮನೆಯ ಚಾಂದಪಾಶಾ ಮರುಕಪಟ್ಟು ಒಮ್ಮೆ ಜ್ಯೇಷ್ಠಮಧು ತಂದುಕೊಟ್ಟಿದ್ದ. ಅದನ್ನು ಅಗಿಯುತ್ತಲೇ ದೌಲಪ್ಪನವರು ಕೆಮ್ಮಿದರು. ಏಕೆಂದರೆ ಆ ಕೆಮ್ಮಿಗೆ ಕಾರಣ ಗಂಟಲಲ್ಲಿರಲಿಲ್ಲ, ಹಾಲ್‌ನಲ್ಲಿತ್ತು. ಹಾಲ್‌ನಲ್ಲಿ ಅತ್ತೆ ಇದ್ದರು.

ಅತ್ತೆ ಶಂಕ್ರಮ್ಮನವರದು ಕಮಲಾಪುರ. ವಯಸ್ಸು ಎಪ್ಪತ್ತೊಂದು. ಮಗ, ಸೊಸೆ, ಮೊಮ್ಮಕ್ಕಳು, ಎರಡು ಎಮ್ಮೆ, ಒಂದು ಕೆಂಪು ಬಾಳೆಯ ತೋಟ, ಇಷ್ಟನ್ನೂ ಕಣ್ಣಳತೆಯಲ್ಲೇ ಆಳುತ್ತಿದ್ದ ಗಟ್ಟಿ ಜೀವ. ಆ ಗಟ್ಟಿ ಜೀವದಲ್ಲಿ ಮೊಣಕಾಲು ಮಾತ್ರ ಮೆತ್ತಗಾಗಿತ್ತು. ಹೀಗಾಗಿ ಪ್ರತಿ ತಿಂಗಳ ಮೊದಲ ಗುರುವಾರ ಅವರು ಎರಡು ಚಿಪ್ಪು ಬಾಳೆಹಣ್ಣು ಕಟ್ಟಿಕೊಂಡು, ಬಸ್ಸು ಹತ್ತಿ, ಕಲಬುರಗಿಯ ಮಗಳ ಮನೆಗೆ ಬಂದು ದವಾಖಾನೆಗೆ ತೋರಿಸುತ್ತಿದ್ದರು. ತೋರಿಸುವುದಕ್ಕೆ ಹತ್ತು ನಿಮಿಷ. ತೋರಿಸಿದ್ದರಿಂದ ಗುಣವಾಯಿತೋ ಇಲ್ಲವೋ ಎಂದು ಕಾದು ನೋಡುವುದಕ್ಕೆ ಹನ್ನೊಂದು ದಿನ.

ಆ ಮನೆತನದ ಮರ್ಯಾದೆ ಹಳೆಯದು. ಅಳಿಯನ ಎದುರು ಅತ್ತೆ ಕೂರುವಂತಿಲ್ಲ, ತಲೆಯ ಮೇಲಿನ ಸೆರಗು ಇಳಿಸುವಂತಿಲ್ಲ, ನೇರವಾಗಿ ಮಾತನಾಡುವಂತಿಲ್ಲ. ಅಳಿಯನಾದವನು ಒಳಗೆ ಬರುವ ಮೊದಲು ಕೆಮ್ಮಬೇಕು. ಕೆಮ್ಮು ಕೇಳಿದ ಅತ್ತೆ ಸೆರಗು ಎಳೆದುಕೊಂಡು ಎದ್ದು ಅಡುಗೆಮನೆ ಸೇರಬೇಕು. ಕಮಲಾಪುರದ ಹತ್ತು ಅಂಕಣದ ಮನೆಯಲ್ಲಿ ಇದು ಶೋಭಿಸುವ ಪದ್ಧತಿ. ಕುಸನೂರ ರಸ್ತೆಯ ಬಡಾವಣೆಯಲ್ಲಿ, ಒಂದು ಹಾಲ್, ಒಂದು ಕೋಣೆ, ಒಂದು ಅಡುಗೆಮನೆಯ ಗೂಡಿನಲ್ಲಿ, ಇದು ಇಡೀ ದಿನದ ಕವಾಯತು.

ಮಾತುಕತೆಯೂ ಅಷ್ಟೇ. ದೌಲಪ್ಪನವರು ಊಟಕ್ಕೆ ಕುಳಿತಿರುತ್ತಾರೆ. ಮೂರು ಮೊಳ ದೂರದಲ್ಲಿ, ಬಾಗಿಲ ಮರೆಯಲ್ಲಿ, ಅತ್ತೆ.

"ಭುವನಾ, ಅಳಿಯಂದ್ರಿಗೆ ಇನ್ನೊಂದ ರೊಟ್ಟಿ ಬೇಕೇನು ಕೇಳವಾ."

"ಏನ್ರೀ, ಇನ್ನೊಂದ ರೊಟ್ಟಿ ಬೇಕೇನ್ರಿ?"

"ಸಾಕಂತ ಹೇಳು."

"ಯವ್ವಾ, ಸಾಕಂತ. ಹೊಟ್ಟಿ ನೋಡಿದ್ರ ಸಾಕಂತ ನನಗೂ ಅನಸ್ತದ."

ಕೊನೆಯ ವಾಕ್ಯ ಭುವನೇಶ್ವರಿಯವರ ಸ್ವಂತದ್ದು. (ಮೂವತ್ತು ವರ್ಷ ಪುಕ್ಕಟೆ ಸಂಪರ್ಕ ಸೇವೆ ಒದಗಿಸಿದವರು ನಡುವೆ ತಮ್ಮದೂ ಒಂದು ಜಾಹೀರಾತು ಸೇರಿಸಿದರೆ ತಪ್ಪೇನು?)

ಇದೆಲ್ಲವನ್ನೂ ದೌಲಪ್ಪನವರು ಸಹಿಸಿಕೊಂಡಿದ್ದರು. ನೌಕರಿಯಲ್ಲಿದ್ದಾಗ ಹಗಲೆಲ್ಲ ಕಚೇರಿಯಲ್ಲಿ ಸೂಪರಿಂಟೆಂಡೆಂಟರ ಕುರ್ಚಿಯಿತ್ತು, ಕುರ್ಚಿಯ ಮೇಲೆ ಫ್ಯಾನಿತ್ತು, ಹೆಸರಿಗೆ ತಕ್ಕ ದೌಲೂ ಇತ್ತು. ಕಳೆದ ವರ್ಷ ನಿವೃತ್ತಿಯಾಯಿತು. ದೌಲು ಕಚೇರಿಯಲ್ಲೇ ಉಳಿದು ಅಪ್ಪ ಮಾತ್ರ ಮನೆಗೆ ಬಂದರು. ಬದುಕಿನಿಂದ ಅವರು ಇನ್ನು ಬಯಸಿದ್ದು ಒಂದನ್ನೇ: ಹಾಲ್‌ನಲ್ಲಿದ್ದ ಏರ್ ಕೂಲರು. ಅದರೆದುರು ಬೆತ್ತದ ಕುರ್ಚಿ, ಟೀವಿಯಲ್ಲಿ ಕ್ರಿಕೆಟ್ಟು, ಮೈಮೇಲೆ ಬನಿಯನ್ನು. ಮಾರ್ಚ್ ಮುಗಿಯುವ ಮೊದಲೇ ಬಿಸಿಲು ನಲವತ್ತೊಂದು ದಾಟುವ ಊರಿನಲ್ಲಿ ಇದು ಅತಿಯಾಸೆಯಲ್ಲ. ಆದರೆ ಹೆಂಡತಿ ಬ್ಯಾಂಕಿನ ಕೆಲಸಕ್ಕೆ ಹೋದ ಮೇಲೆ ಹಾಲ್‌ನಲ್ಲಿ ಅತ್ತೆ, ಅತ್ತೆಯ ಎದುರು ಕೂಲರು. ಹೊರಗೆ ಬೇವಿನ ಗಿಡದ ಕೆಳಗೆ ದೌಲಪ್ಪನವರು, ಅವರ ಎದುರು ಕಲಬುರಗಿಯ ಸೂರ್ಯ. ಕೆಮ್ಮಿದರೆ ಅತ್ತೆ ಎದ್ದು ಹೋಗುತ್ತಾರೆ, ನಿಜ. ಆದರೆ ಮೊಣಕಾಲು ಹಿಡಿದುಕೊಂಡು "ಶಿವ ಶಿವಾ" ಎನ್ನುತ್ತ ಎದ್ದು ಹೋಗುತ್ತಾರೆ. ಆ "ಶಿವ ಶಿವಾ" ಕೇಳಿದ ಮೇಲೆ ಕೂಲರಿನ ಗಾಳಿಯೂ ಬಿಸಿಯಾಗಿ ಬೀಸುತ್ತದೆ.

ಸಂಜೆ ಐದರ ಹೊತ್ತಿಗೆ ಅವರಿಗಿದ್ದ ಏಕೈಕ ಸಾಂತ್ವನ, ತಿರುವಿನಲ್ಲಿ ನಿಲ್ಲುತ್ತಿದ್ದ ಸಿಕಂದರ್‌ನ ಭಜಿ ಬಂಡಿ. ಎಣ್ಣೆ ಕಾದ ಕೂಡಲೇ ಸಿಕಂದರ್ ಮೊಬೈಲಿನಲ್ಲಿ ಧ್ವನಿ ಸಂದೇಶ ಕಳಿಸುತ್ತಿದ್ದ. ಈ ವ್ಯವಸ್ಥೆ ಭುವನೇಶ್ವರಿಯವರಿಗೆ ಗೊತ್ತಿರಲಿಲ್ಲ. ಗೊತ್ತಾಗದಿರಲೆಂದೇ ದೌಲಪ್ಪನವರು ಮೊಬೈಲನ್ನು ಸ್ನಾನಕ್ಕೆ ಹೋಗುವಾಗಲೂ ಕೈಬಿಡುತ್ತಿರಲಿಲ್ಲ.

ಅತ್ತೆ ಊರಿಗೆ ಮರಳಿದ ದಿನ ಸಂಜೆ ಮಿರ್ಚಿ ಭಜಿ ಕಟ್ಟಿಕೊಟ್ಟ ಕಾಗದವನ್ನು ಅವರು ಓದಿದರು. (ನಿವೃತ್ತ ಸೂಪರಿಂಟೆಂಡೆಂಟರು ಕೈಗೆ ಬಂದ ಕಾಗದವನ್ನು ಓದದೆ ಬಿಡುವುದಿಲ್ಲ, ಓದಿಯೂ ಕೆಲಸ ಮಾಡದಿರುವುದು ಬೇರೆ ಮಾತು.) ಅದು ಒಂದು ಕರಪತ್ರ. ಎಣ್ಣೆಯಲ್ಲಿ ಪಾರದರ್ಶಕವಾಗಿದ್ದ ಅಕ್ಷರಗಳು ಹೀಗಿದ್ದವು: "ಕಮಲಾಪುರದ ಜನತೆಗೆ ಶುಭವಾರ್ತೆ! ಮನೆಬಾಗಿಲ ವೈದ್ಯ ಕೇಂದ್ರ! ಇನ್ನು ಪಟ್ಟಣಕ್ಕೆ ಅಲೆಯಬೇಕಿಲ್ಲ. ಟೆಲಿಮೆಡಿಸಿನ್, ದೂರವನ್ನೇ ದೂರ ಮಾಡುವ ವೈದ್ಯವಿಧಾನ!"

ದೌಲಪ್ಪನವರ ಕೈಯಲ್ಲಿದ್ದ ಮೆಣಸಿನಕಾಯಿ ಅಲ್ಲೇ ನಿಂತಿತು. ಕಮಲಾಪುರದಲ್ಲೇ ವೈದ್ಯರು! ಮೊಣಕಾಲು ಅಲ್ಲಿ, ಮದ್ದು ಅಲ್ಲಿ, ಅತ್ತೆ ಅಲ್ಲಿ, ಕೂಲರು ಇಲ್ಲಿ!

ಅಂದು ರಾತ್ರಿಯ ಊಟಕ್ಕೆ ಅವರು ಗ್ರಾಮೀಣ ಆರೋಗ್ಯದ ಬಗ್ಗೆ ಮಾತು ತೆಗೆದರು.

"ಭುವನಾ, ಹಳ್ಳಿ ಜನರ ತ್ರಾಸ ನೆನಸಿದ್ರ ನನಗ ನಿದ್ದಿ ಬರವಲ್ದು."

"ಮಧ್ಯಾಹ್ನ ಬೇವಿನ ಗಿಡದ ಬುಡಕ ಗೊರಕಿ ಹೊಡದವರು ಯಾರು?"

"ಚೇಷ್ಟಿ ಅಲ್ಲ. ಈ ವಯಸ್ಸಿನಾಗ ಅತ್ತಿಯವರು ಆ ಬಸ್ಸಿನಾಗ ಕುಲುಕ್ಯಾಡಕೋತ ಬರೋದು ನೋಡಾಕಾಗಂಗಿಲ್ಲ ನನಗ. ಈಗ ಟೆಲಿಮೆಡಿಸಿನ್ ಬಂದದ. ಟೀವಿಯೊಳಗ ಡಾಕ್ಟರ್ ಬರ್ತಾರ, ಅಲ್ಲೇ ನೋಡ್ತಾರ, ಅಲ್ಲೇ ಗುಳಿಗಿ ಬರೀತಾರ. ಅತ್ತಿ ಕಾಲು ನೆಲಕ್ಕ ಇಡೋದೂ ಬ್ಯಾಡ."

ಭುವನೇಶ್ವರಿ ಗಂಡನನ್ನು ದಿಟ್ಟಿಸಿ ನೋಡಿದರು. ಬ್ಯಾಂಕಿನ ಕೌಂಟರಿನಲ್ಲಿ ಖೋಟಾ ನೋಟು ಹಿಡಿದು ನೋಡಿ ಅಭ್ಯಾಸವಾದ ಕಣ್ಣು ಅದು.

"ಮೂವತ್ತು ವರ್ಷದಾಗ ಒಂದ ದಿನಾರೆ ನಮ್ಮವ್ವನ ಕಾಲಿನ ಚಿಂತಿ ಮಾಡೀರೇನು? ಇವತ್ತೇನಿದು ಒಮ್ಮಿಂದೊಮ್ಮೆಲೆ ಪ್ರೀತಿ?"

"ಮನುಷ್ಯಾ ಸುಧಾರಿಸಬಾರದೇನು?"

"ಕೂಲರಿಗಾಗಿ ಸುಧಾರಿಸೀರಿ ಅಂತ ನನಗ ತಿಳೀತದ. ಇರ್ಲಿ. ಖರೇನ ಆಕಿ ಕಾಲಿಗೆ ಚಲೋ ಆದ್ರ ನನಗೂ ಬೇಕಾಗ್ಯದ. ಆದ್ರ ಆಕಿಯನ್ನ ಕರ್ಕೊಂಡು ಹೋಗಿ, ತೋರಿಸಿ, ಎಲ್ಲಾ ನೀವ ಮಾಡಬೇಕು. ನಾ ಬರೇ ಸಂಗಡ ಬರ್ತೀನಿ."

ಮುಂದಿನ ಶನಿವಾರ, ಬ್ಯಾಂಕಿಗೆ ರಜೆಯಿದ್ದ ದಿನ, ಇಬ್ಬರೂ ಕಮಲಾಪುರದಲ್ಲಿ ಇಳಿದು, ತೋಟದ ಬಾಳೆಹಣ್ಣು ಹಿಡಿದುಕೊಂಡೇ ಹೊರಟ ಶಂಕ್ರಮ್ಮನವರನ್ನು ಮನೆಯಿಂದ ಕರೆದುಕೊಂಡರು. ಆ ವೈದ್ಯ ಕೇಂದ್ರವು ಬಸ್ ನಿಲ್ದಾಣದ ಹತ್ತಿರ, ಗೊಬ್ಬರದ ಅಂಗಡಿಯ ಪಕ್ಕದಲ್ಲಿತ್ತು. ಬಾಗಿಲ ಮೇಲಿನ ಬ್ಯಾನರಿನಲ್ಲಿ ಟ್ರಸ್ಟಿನ ಅಧ್ಯಕ್ಷರು, ಉಪಾಧ್ಯಕ್ಷರು, ಕಾರ್ಯದರ್ಶಿಗಳು, ಹಿತೈಷಿಗಳು ಎಂದು ಹದಿನೇಳು ಮುಖಗಳು ಕೈಮುಗಿದು ನಿಂತಿದ್ದವು. ವೈದ್ಯರ ಮುಖಕ್ಕೆ ಜಾಗ ಉಳಿದಿರಲಿಲ್ಲ.

ಒಳಗಿದ್ದವನು ಆಪರೇಟರ್ ಮೌನೇಶ. ಆ ಹೆಸರಿಟ್ಟವರು ಅವನು ಬಾಯಿ ತೆರೆಯುವುದಕ್ಕೆ ಮೊದಲೇ ಇಟ್ಟಿರಬೇಕು.

"ಬರ್ರಿ ಬರ್ರಿ! ಭಾರಿ ಛಲೋ ಆತು ಬಂದದ್ದು. ಈ ಸೆಂಟರ್ ಮೂರು ಸಲ ಉದ್ಘಾಟನಾ ಆಗ್ಯದ್ರಿ. ಒಮ್ಮೆ ಬಾಗಲಕ್ಕ, ಒಮ್ಮೆ ಕಂಪ್ಯೂಟರಿಗೆ, ಒಮ್ಮೆ ಇಂಟರ್ನೆಟ್ಟಿಗೆ. ಪೇಶಂಟ ಮಾತ್ರ ನೀವ ಮೊದಲ! ಫೋಟೋ ತೆಗೀಬೇಕಂತ ಮ್ಯಾಲಿಂದ ಆರ್ಡರ್ ಅದ. ಕುಂದರ್ರಿ. ಮೊಬೈಲ್ ನಂಬರ ಹೇಳ್ರಿ."

ಶಂಕ್ರಮ್ಮನವರ ಹತ್ತಿರ ಮೊಬೈಲ್ ಇರಲಿಲ್ಲ. ಮನೆಬಾಗಿಲ ವೈದ್ಯಕ್ಕೆ ಮನೆಯಾಗಲಿ ಬಾಗಿಲಾಗಲಿ ಕಡ್ಡಾಯವಲ್ಲ, ಮೊಬೈಲ್ ಕಡ್ಡಾಯ. ಎಲ್ಲವನ್ನೂ ತಾವೇ ಮಾಡಬೇಕೆಂಬ ಕರಾರಿನಂತೆ ದೌಲಪ್ಪನವರು ದೌಲಿನಿಂದ ತಮ್ಮ ನಂಬರು ಕೊಟ್ಟರು. ಅಲ್ಲಿಗೆ ಅವರ ಗ್ರಹಚಾರ ನೋಂದಣಿಯಾಯಿತು.

"ಒಳಗ ಪೇಶಂಟ ಸಂಗಡ ಒಬ್ಬರಿಗಷ್ಟ ಪರ್ಮಿಶನ್ರಿ," ಎಂದ ಮೌನೇಶ.

"ನಾ ಹೋಗ್ತೀನಿ," ಎಂದು ಭುವನೇಶ್ವರಿ ತಾಯಿಯ ಕೈ ಹಿಡಿದರು. ಕೈ ಹಿಡಿದು ಒಳಗೆ ಕೂಡಿಸುವಷ್ಟರಲ್ಲಿ ಹೊರಗಿದ್ದ ದೌಲಪ್ಪನವರ ಮೊಬೈಲಿಗೆ ಓಟಿಪಿ ಬಂತು. ಒಳಗೆ ಬಂದು ಹೇಳಿ ಹೊರಗೆ ಹೋದರು. ವಯಸ್ಸು ತುಂಬಿದಾಗ ಒಂದು ಓಟಿಪಿ. ಕಾಯಿಲೆ ತುಂಬಿದಾಗ ಒಂದು. ಕಾಯಿಲೆ ಇರುವುದು ಹೌದೆಂದು ಖಾತ್ರಿಪಡಿಸಲು ಇನ್ನೊಂದು.

"ಹೀಂಗ ಒಳಗ ಹೊರಗ ಮಾಡಿದ್ರ ಡಾಕ್ಟರ್ ಕಟ್ ಆಗ್ತಾರ್ರಿ," ಮೌನೇಶ ಕೈ ಜೋಡಿಸಿದ. "ಮೊಬೈಲ್ ಇದ್ದವರ ಒಳಗ ಇರ್ರಿ."

"ನನ್ನ ಕೈಯಾಗ ಕೊಡ್ರಿ ಮೊಬೈಲು, ನೀವು ಹೊರಗಿರ್ರಿ," ಭುವನೇಶ್ವರಿ ಕೈಚಾಚಿದರು.

ದೌಲಪ್ಪನವರ ಕಣ್ಣ ಮುಂದೆ ಸಿಕಂದರ್ ಸುಳಿದ. "ಬ್ಯಾಡ ಬ್ಯಾಡ, ನಾನ ಇರ್ತೀನಿ. ಜವಾಬ್ದಾರಿ ಅಂದ್ರ ಜವಾಬ್ದಾರಿ."

ಹೀಗೆ ಭುವನೇಶ್ವರಿ ಹೊರಗಿನ ಬೆಂಚಿನಲ್ಲಿ ಬಾಳೆಹಣ್ಣಿನ ಜೊತೆ ಕುಳಿತರು. ಒಳಗೆ, ಒಂದು ಚಿಕ್ಕ ಕೋಣೆಯಲ್ಲಿ, ಮೂವತ್ತು ವರ್ಷಗಳಲ್ಲಿ ಮೊದಲ ಬಾರಿಗೆ, ನಡುವೆ ಸಂಪರ್ಕ ಸೇವೆಯಿಲ್ಲದೆ ಅತ್ತೆ ಮತ್ತು ಅಳಿಯ ಎದುರುಬದುರಾದರು. ಕೂಡಲೇ ಶಂಕ್ರಮ್ಮನವರು ಹಸಿರು ಸೀರೆಯ ಸೆರಗನ್ನು ಗದ್ದದವರೆಗೂ ಎಳೆದುಕೊಂಡು ಕುರ್ಚಿಯಿಂದ ಎದ್ದು ಗೋಡೆಗೆ ಅಂಟಿ ನಿಂತರು.

ಪರದೆಯ ಮೇಲೆ ಡಾಕ್ಟರ್ ಅಂಬರೀನ್ ಮೂಡಿದರು. ಚಿಕ್ಕ ವಯಸ್ಸು, ಚುರುಕು ಕಣ್ಣು. ಅವರ ಹಿಂದಿನಿಂದ "ಯಾತ್ರಿಗಳು ದಯವಿಟ್ಟು ಗಮನಿಸಿ" ಎಂಬ ರೈಲಿನ ಘೋಷಣೆ ಕೇಳಿಬರುತ್ತಿತ್ತು.

"ಡಾಕ್ಟ್ರು ಎಲ್ಲಿ ಕುಂತಾರ?" ದೌಲಪ್ಪನವರು ಪಿಸುಗುಟ್ಟಿದರು.

"ಕಲಬುರಗಿ ಸ್ಟೇಶನ್ ಬಜಾರದಾಗ್ರಿ."

ಅಂದರೆ, ಕಲಬುರಗಿಯಲ್ಲಿ ಕುಳಿತ ಡಾಕ್ಟರರನ್ನು ನೋಡಲು ದೌಲಪ್ಪನವರು ಕಲಬುರಗಿಯಿಂದ ಒಂದು ತಾಸು ಬಸ್ಸಿನಲ್ಲಿ ಕುಲುಕಾಡುತ್ತ ಬಂದಿದ್ದರು. ವಿಜ್ಞಾನ ಎಷ್ಟು ಮುಂದುವರಿದಿದೆ ಎಂದು ಅವರು ಬೆರಗಾದರು.

"ನಮಸ್ಕಾರ್ರಿ. ಪೇಶಂಟ್ ಎಲ್ಲಿ? ನನಗ ಬರೇ ಹಸಿರು ಬಟ್ಟಿ ಕಾಣಸಾಕತ್ತದ."

"ಅದರೊಳಗ ಅದಾರ್ರಿ ಮೇಡಂ," ಎಂದರು ದೌಲಪ್ಪನವರು.

"ಅಮ್ಮಾ, ಏನು ತ್ರಾಸ ಹೇಳ್ರಿ."

ಹಸಿರು ಬಟ್ಟೆ ಮಾತನಾಡಲಿಲ್ಲ. ಹೆಣ್ಣು ಡಾಕ್ಟರ ಮುಂದೆ ಹೇಳಿಕೊಳ್ಳಲು ಶಂಕ್ರಮ್ಮನವರಿಗೆ ಸಂಕೋಚವೇನೂ ಇರಲಿಲ್ಲ. ಆದರೆ ಹೇಳಿದರೆ ಅಳಿಯನಿಗೂ ಕೇಳಿಸುತ್ತದಲ್ಲ! ಬೆರಳಿನಿಂದ ಮೊಣಕಾಲನ್ನು ಒಮ್ಮೆ ಮುಟ್ಟಿ ತೋರಿಸಿದರು, ಅಷ್ಟೇ. ದೌಲಪ್ಪನವರು ಅತ್ತೆಯ ಪರವಾಗಿ ತಾವೇ ವರದಿ ಒಪ್ಪಿಸತೊಡಗಿದರು. ನಿದ್ದೆ? ಛಲೋ ಅದರಿ. ಹಸಿವು? ಭರ್ಜರಿ. ಒಟ್ಟು ಪ್ರಯಾಣ ಮಾಡಿದರೆ ಮಾತ್ರ ನೋವು ಜಾಸ್ತಿ, ಊರಲ್ಲೇ ಇದ್ದರೆ ಉತ್ತಮ, ಎಂಬ ಷರಾವನ್ನೂ ಸೇರಿಸಿದರು.

"ನೀವು ಡಾಕ್ಟರೇನ್ರಿ?"

"ಅಲ್ರಿ, ಅಳಿಯ."

"ಹಂಗಾದ್ರ ಸುಮ್ಮನ ಕುಂದರ್ರಿ. ಅಮ್ಮಾ, ಜರಾ ನಾಲಿಗಿ ತೋರ್ಸ್ರಿ."

ಸೆರಗಿನೊಳಗಿಂದ "ಶಿವ ಶಿವಾ" ಕೇಳಿಸಿತು. ಅಳಿಯನ ಎದುರು ನಾಲಿಗೆ ಚಾಚುವುದೇ? ನಾಲ್ಕು ಜನ ಕೇಳಿದರೆ ಏನಂದಾರು? ಶಂಕ್ರಮ್ಮನವರು ಗೋಡೆಯತ್ತ ತಿರುಗಿ ಮೌನೇಶನಿಗೆ ಹೇಳಿದರು: "ತಮ್ಮಾ, ಅದೊಂದು ನನ್ನಿಂದ ಆಗಂಗಿಲ್ಲಪಾ. ಬೇಕಾದ್ರ ಕಾಲು ಕಡದ ಕೊಡ್ತೀನಿ."

"ಕ್ಯಾಮೆರಾಕ್ಕ ಬರೇ ಒಂದ ಸೆಕೆಂಡ್ರಿ ಯವ್ವಾ, ಹೀಂಗ..." ಎಂದು ಮೌನೇಶ ವಿವರಿಸುವುದರೊಳಗೆ ದೌಲಪ್ಪನವರಿಗೆ ಸ್ಫೂರ್ತಿ ಬಂತು. ತಾವೇ ತೋರಿಸಿದರೆ ಅತ್ತೆಯ ಸಂಕೋಚ ಕಳೆದೀತು. ಕ್ಯಾಮೆರಾದ ಎದುರು ಬಗ್ಗಿ, ಬಾಯಿ ಅಗಲಿಸಿ, ನಾಲಿಗೆಯನ್ನು ಗದ್ದಕ್ಕೆ ತಾಕುವಂತೆ ಹೊರಚಾಚಿ, "ಆಆಆ... ಹೀಂಗಂತ ಹೇಳು ಅತ್ತಿಯವ್ರಿಗೆ" ಎಂದರು. ಅದೇ ಕ್ಷಣಕ್ಕೆ ನೆಟ್‌ವರ್ಕ್ ನಿಂತಿತು. ಪರದೆಯ ಮೂಲೆಯ ಚಿಕ್ಕ ಚೌಕದಲ್ಲಿ ದೌಲಪ್ಪನವರ ನಾಲಿಗೆ ಹೆಪ್ಪುಗಟ್ಟಿತು. ಎಂತಹ ಸಂದರ್ಭದಲ್ಲೂ ಕೆಲಸ ನಿಲ್ಲಿಸಬಾರದೆಂದು ತರಬೇತಿ ಪಡೆದಿದ್ದ ಮೌನೇಶ ಗುಂಡಿ ಒತ್ತಿ ಅದನ್ನು "ಶಂಕ್ರಮ್ಮ, 71, ಹೆಣ್ಣು" ಎಂಬ ಕಡತಕ್ಕೆ ಸೇರಿಸಿದ.

"ನೆಟ್ ಬರೋದ್ರಾಗ ಬಿ.ಪಿ. ಮುಗಿಸೋಣ್ರಿ. ಯವ್ವಾ, ರಟ್ಟಿ ಹೊರಗ ತಗೀರಿ."

ಅಳಿಯನ ಎದುರು ತೋಳು! ಶಂಕ್ರಮ್ಮನವರು ಎರಡೂ ಕೈಗಳನ್ನು ಸೆರಗಿನೊಳಗೆ ಎಳೆದುಕೊಂಡು ಪೂರ್ತಿ ಮೂಟೆಯಾದರು.

"ಅತ್ತಿಯವ್ರು ಅಂಜ್ಯಾರ," ಎಂದು ದೌಲಪ್ಪನವರು ಧೈರ್ಯ ಹೇಳಿದರು. ಅದೂ ಗೋಡೆಗೆ. "ಏನೂ ಆಗಂಗಿಲ್ಲಂತ ಹೇಳಪಾ ಮೌನೇಶಾ. ಬರೇ ಗಾಳಿ ತುಂಬ್ತದ, ಬಿಡ್ತದ. ನೋಡ್ರಿ, ನಾ ಕಟ್ಕೋತೀನಿ." ಅಂಗಿಯ ತೋಳು ಮಡಚಿ ಪಟ್ಟಿಯನ್ನು ತಮ್ಮ ರಟ್ಟೆಗೇ ಸುತ್ತಿಕೊಂಡರು. ಯಂತ್ರ ಗುರ್ರೆಂದಿತು, ಬಿಗಿಯಿತು, ಸುಸ್ಸೆಂದಿತು. "ನೋಡಿದ್ರೇನು? ನೋವಿಲ್ಲ, ಬ್ಯಾನಿಲ್ಲ."

ಯಂತ್ರ ಆಧುನಿಕವಾದದ್ದು. ಅಂಕಿಗಳನ್ನು ಯಾರೂ ಬರೆದುಕೊಳ್ಳಬೇಕಿಲ್ಲ, ಯಾರ ರಟ್ಟೆ ಎಂದು ಯಾರೂ ಕೇಳಬೇಕಿಲ್ಲ. ತಾನೇ ಡಾಕ್ಟರಿಗೆ ಕಳಿಸುತ್ತದೆ. ನೆಟ್‌ವರ್ಕ್ ಮರಳಿ ಬಂದಾಗ ಡಾಕ್ಟರ್ ಅಂಬರೀನ್ ಮುಖದ ನಗು ಮಾಯವಾಗಿತ್ತು.

"ಯಾ ಅಲ್ಲಾ! ನೂರಾ ಎಂಬತ್ನಾಕು, ನೂರಾ ಹನ್ನೆರಡು! ಇಷ್ಟ ಬಿ.ಪಿ. ಇಟ್ಕೊಂಡು ಇವರು ನಿಂತಾರ ಹ್ಯಾಂಗ? ನಾಲಿಗಿನೂ ಬರೋಬ್ಬರಿ ಇಲ್ಲ, ಉಪ್ಪು ಎಣ್ಣಿ ಭಾಳ ತಿಂದವರ ನಾಲಿಗಿ. ಮಗಳು ಬಂದಾರೇನು? ಒಳಗ ಕರೀರಿ."

ಭುವನೇಶ್ವರಿ ಗಾಬರಿಯಿಂದ ಓಡಿ ಬಂದರು.

"ನೋಡ್ರಿ, ಇವರನ್ನ ಇವತ್ತ ಕಲಬುರಗಿಗೆ ಕರ್ಕೊಂಡು ಬರ್ರಿ. ಮೂರು ತಿಂಗಳು ನಿಮ್ಮ ಮನ್ಯಾಗ ಇಟ್ಕೊಳ್ರಿ. ವಾರಕ್ಕೊಮ್ಮೆ ನನಗ ತೋರ್ಸಬೇಕು. ಬಿಸಲಿಗೆ ಬಿಡಬ್ಯಾಡ್ರಿ. ಮನ್ಯಾಗ ಕೂಲರ್ ಅದ?"

"ಅದರಿ," ಎಂದರು ಭುವನೇಶ್ವರಿ.

"ಅದರ ಮುಂದ ಮಲಗಿಸ್ರಿ. ಇವತ್ತಿನಿಂದ ಗುಳಿಗಿ ಶುರು. ಡೋಸ್ ಜರಾ ಜೋರ ಬರೀತೀನಿ. ಮತ್ತ ಮನ್ಯಾಗ ಯಾರೂ ಅವರ ತಲಿ ತಿನ್ನಬ್ಯಾಡ್ರಿ," ಎಂದು ಡಾಕ್ಟರು ದೌಲಪ್ಪನವರತ್ತ ನೋಡಿದರು.

ದೌಲಪ್ಪನವರು ಮನಸ್ಸಿನಲ್ಲೇ ಲೆಕ್ಕ ಹಾಕಿದರು. ಮೂರು ತಿಂಗಳು! ಕೂಲರಿನ ಮುಂದೆ! ಲೆಕ್ಕವಿಲ್ಲದ ಕೆಮ್ಮು! ಇನ್ನೊಂದು ಕಡೆಯಿಂದ ಇನ್ನೊಂದು ಸತ್ಯ ನಿಧಾನವಾಗಿ ಅವರ ತಲೆಗೆ ಇಳಿಯಿತು: ಆ ನೂರಾ ಎಂಬತ್ನಾಲ್ಕು ತಮ್ಮದು. ಈಗ ಬಾಯಿಬಿಟ್ಟರೆ ಕೂಲರು ಉಳಿಯುತ್ತದೆ, ಆದರೆ ಉಪ್ಪು ಹೋಗುತ್ತದೆ, ಭಜಿ ಹೋಗುತ್ತದೆ. ಬಾಯಿ ಮುಚ್ಚಿಕೊಂಡರೆ ತಮ್ಮ ಗುಳಿಗೆಯನ್ನು ಅತ್ತೆ ನುಂಗುತ್ತಾರೆ. ಎಪ್ಪತ್ತೊಂದರ ಮುದುಕಿ, ಜೋರು ಡೋಸು. ಅವರು ಬಾಯಿ ತೆರೆದರು. ಉಪ್ಪಿಲ್ಲದ ಪಲ್ಯದ ಚಿತ್ರ ಬಂತು. ಮುಚ್ಚಿದರು. ಮತ್ತೆ ತೆರೆದರು. ಅಕ್ವೇರಿಯಮ್ಮಿನ ಮೀನು ಕೂಡ ಇಷ್ಟು ಸಲ ಮನಸ್ಸು ಬದಲಾಯಿಸುವುದಿಲ್ಲ.

"ಮಶೀನ್... ಮಶೀನ್ ಜರಾ ತಪ್ಪಿರಬೇಕ್ರಿ," ಎಂದರು ಕೊನೆಗೆ.

"ಮಶೀನ್ ಹೊಸಾದ್ರಿ! ಉದ್ಘಾಟನಾ ಆದದ್ದು!" ಮೌನೇಶ ಸಿಟ್ಟಾದ.

ಭುವನೇಶ್ವರಿ ತಾಯಿಯ ಭುಜ ಹಿಡಿದು ಅಳತೊಡಗಿದರು. "ಯವ್ವಾ, ಇಷ್ಟೆಲ್ಲಾ ಒಳಗ ಇಟ್ಕೊಂಡು ಒಂದ ಮಾತೂ ಹೇಳಲಿಲ್ಲಲ್ಲ ನೀನು! ನಿನಗೇನಾರ ಆದ್ರ ನಾ ಏನ ಮಾಡ್ಲಿ?"

ಶಂಕ್ರಮ್ಮನವರು ಅಳುವ ಮಗಳನ್ನು ನೋಡಿದರು. ಪಟ್ಟಿ ಕಟ್ಟಿದ ಗುರುತು ಇನ್ನೂ ಕೆಂಪಗಿದ್ದ ಅಳಿಯನ ರಟ್ಟೆಯನ್ನು ನೋಡಿದರು. ಆಮೇಲೆ ಮೂವತ್ತು ವರ್ಷಗಳಲ್ಲಿ ನಡೆಯದಿದ್ದದ್ದು ನಡೆಯಿತು. ಸೆರಗು ಗದ್ದದಿಂದ ಮೂಗಿಗೆ, ಮೂಗಿನಿಂದ ಹಣೆಗೆ, ಹಣೆಯಿಂದ ನೆತ್ತಿಗೆ ಸರಿಯಿತು. ಹಸಿರು ಬಟ್ಟೆಯೊಳಗಿಂದ ಒಂದು ಮುಖ ಹೊರಬಂದು, ಗೋಡೆಯನ್ನಲ್ಲ, ಮೌನೇಶನನ್ನಲ್ಲ, ನೇರವಾಗಿ ದೌಲಪ್ಪನವರನ್ನು ನೋಡಿ ಕೇಳಿತು:

"ಅಳಿಯಂದ್ರ, ನಾಲಿಗಿ ನಿಮ್ಮದು, ರಟ್ಟಿ ನಿಮ್ಮದು. ಬಿ.ಪಿ. ನಂದ ಹ್ಯಾಂಗ ಆತು?"

ಪರದೆಯಲ್ಲಿ ಸ್ಟೇಶನ್ ಬಜಾರದ ಕಡೆಯಿಂದ ಯಾವುದೋ ಗಾಡಿ ಹೊರಟ ಶಬ್ದ ಕೇಳಿಸಿತು.

"ಏನ್ರೀ?" ಭುವನೇಶ್ವರಿಯ ಕಣ್ಣೀರು ಅರ್ಧಕ್ಕೇ ನಿಂತಿತು. "ಅಂದ್ರ ಆ ನೂರಾ ಎಂಬತ್ನಾಕು ನಿಮ್ಮದೇನು?"

"ಅತ್ತಿಯವ್ರಿಗೆ ಧೈರ್ಯ ಬರ್ಲಿ ಅಂತ..."

"ನಿಮ್ಮ ಧೈರ್ಯಕ್ಕ ಬೆಂಕಿ ಹಚ್ಚಲಿ! ಮನಿ ಯಜಮಾನ ಬೀಳೋ ಹಂಗ ಆಗ್ಯಾನ, ನನಗ ಗೊತ್ತಿಲ್ಲ!"

ಡಾಕ್ಟರ್ ಅಂಬರೀನ್ ಮೇಜಿನ ಮೇಲೆ ತಲೆಯಿಟ್ಟು ನಕ್ಕು, ಕಣ್ಣು ಒರೆಸಿಕೊಂಡು, ಮತ್ತೆ ಡಾಕ್ಟರಾದರು. ಮಾತು ಆಡಿದ ಮೇಲೆ ತೋಳಿನ ಸಂಕೋಚವೇನು? ಶಂಕ್ರಮ್ಮನವರು ಕುರ್ಚಿಯಲ್ಲಿ ಕುಳಿತು ರಟ್ಟೆ ಚಾಚಿದರು. ನೂರಾ ಹದಿನೆಂಟು, ಎಪ್ಪತ್ತಾರು.

"ಮಾಶಾಲ್ಲಾ, ನನ್ನದೂ ಇಷ್ಟ ಛಲೋ ಇಲ್ಲ. ಅಮ್ಮಾ, ಈಗ ಹೇಳ್ರಿ, ಮೊಣಕಾಲು ಯಾವಾಗ ನೋಯ್ತದ?"

"ಊರಾಗ ಏನೂ ಇಲ್ಲವ್ವಾ. ಕಲಬುರಗಿಗೆ ಬಂದಾಗಷ್ಟ."

"ಅಲ್ಲೇನ ಕೆಲಸ ಮಾಡ್ತೀರಿ?"

"ಏನೂ ಇಲ್ಲ. ನೆಲದ ಮ್ಯಾಲ ಕುಂತಿರ್ತೀನಿ. ಅಳಿಯಂದ್ರು ಕೆಮ್ಮತಾರ, ಎದ್ದು ಒಳಗ ಹೋಗ್ತೀನಿ. ಅವರು ಹೊರಗ ಹೋಗ್ತಾರ, ಬಂದು ಕುಂದರ್ತೀನಿ. ಮತ್ತ ಕೆಮ್ಮತಾರ, ಮತ್ತ ಏಳ್ತೀನಿ."

"ದಿನಕ್ಕ ಎಷ್ಟ ಸಲ?"

"ನಲವತ್ತ ಸಲಾರೆ ಆಗಬೇಕು. ಅವರಿಗೆ ನೀರಡಿಕಿ ಭಾಳ."

ಅಂದರೆ, ಮೊಣಕಾಲು ನೋಯುತ್ತದೆಂದು ಅತ್ತೆ ಕಲಬುರಗಿಗೆ ಬರುತ್ತಿದ್ದರು. ಕಲಬುರಗಿಗೆ ಬಂದದ್ದರಿಂದ ಮೊಣಕಾಲು ನೋಯುತ್ತಿತ್ತು. ಯಾವ ಡಾಕ್ಟರಿಗೂ ಈ ಕಾಯಿಲೆ ಹತ್ತು ನಿಮಿಷದಲ್ಲಿ ಸಿಕ್ಕಿರಲಿಲ್ಲ. ಏಕೆಂದರೆ ಈ ಕಾಯಿಲೆ ಪ್ರತಿ ಸಲವೂ ದವಾಖಾನೆಯ ಹೊರಗೆ, ಚಪ್ಪಲಿ ಕಾಯುತ್ತ ಕುಳಿತಿರುತ್ತಿತ್ತು.

"ಅಮ್ಮಾ, ಬರಕೊಡ್ತೀನಿ. ಇನ್ನ ಮ್ಯಾಲ ಅಳಿಯ ಬರ್ಲಿ, ಅಳಿಯನ ಅಪ್ಪ ಬರ್ಲಿ, ಏಳಬ್ಯಾಡ್ರಿ. ಕುರ್ಚಿ ಮ್ಯಾಲ ಕುಂದರ್ರಿ. ಇದು ದವಾ ಇದ್ದಂಗ, ತಪ್ಪಿಸಬಾರದು. ಇನ್ನ ಇವರ ಮಾತು. ಇವರನ್ನ ಮೂರು ತಿಂಗಳು ಕಣ್ಣಾಗ ಕಣ್ಣಿಟ್ಟು ನೋಡ್ಕೋಬೇಕು. ಉಪ್ಪು ಬಂದ್. ಎಣ್ಣಿ ಬಂದ್. ಉಪ್ಪಿನಕಾಯಿ, ಹಪ್ಪಳ ಎಲ್ಲಾ ಬಂದ್. ಹಗಲೊತ್ತ ಮನ್ಯಾಗ ಯಾರಿರ್ತೀರಿ?"

"ನಾ ಬ್ಯಾಂಕಿಗೆ ಹೋಗ್ತೀನಲ್ರಿ ಮೇಡಂ," ಎಂದರು ಭುವನೇಶ್ವರಿ.

"ನಾ ಇರ್ತೀನಿ," ಎಂದರು ಶಂಕ್ರಮ್ಮನವರು.

ದೌಲಪ್ಪನವರ ಹೆಸರಿನಲ್ಲಿ ಹೊಸ ಕಡತ ತೆರೆಯಬೇಕಾಯಿತು. ಹೊಸ ಕಡತಕ್ಕೆ ಹೊಸ ಓಟಿಪಿ. ಈ ಸಲ ಭುವನೇಶ್ವರಿ ಕೇಳಲಿಲ್ಲ; ಗಂಡನ ಕೈಯಿಂದ ಮೊಬೈಲ್ ಕಿತ್ತುಕೊಂಡರು. ಗಡಿಯಾರ ಐದು ತೋರಿಸುತ್ತಿತ್ತು. ಓಟಿಪಿಗೆ ಮೊದಲು ಬೇರೇನೋ ಟಿಂಗೆಂದಿತು. ಅವರು ಅದನ್ನೇ ಒತ್ತಿದರು. ಕೋಣೆಯ ತುಂಬ ಸಿಕಂದರ್‌ನ ದನಿ ಮೊಳಗಿತು:

"ದೌಲಪ್ಪ ಸಾಬ್! ಮಿರ್ಚಿ ಗರಂ ಅವ. ನಿನ್ನಿ ಹನ್ನೆರಡ ತಿಂದ್ರಿ, ಇವತ್ತ ಎಷ್ಟ ತೆಗದಿಡ್ಲಿ? ಮ್ಯಾಲ ಉಪ್ಪು ಜಾಸ್ತಿ ಉದುರಿಸೀನಿ, ನಿಮಗ ಸೇರೋ ಹಂಗ!"

"ಇದನ್ನೂ ಫೈಲಿಗೆ ಹಚ್ಚಲೇನ್ರಿ ಮೇಡಂ?" ಎಂದು ಮೌನೇಶ ಭಕ್ತಿಯಿಂದ ಕೇಳಿದ.

ಹಳೆಯ ಕಡತದಲ್ಲಿದ್ದ ತಪ್ಪನ್ನು ತಿದ್ದಲು ಮಾತ್ರ ಆಗಲಿಲ್ಲ. ಅದಕ್ಕೆ ಮೇಲಿನ ಕಚೇರಿಗೆ ಅರ್ಜಿ ಕೊಡಬೇಕಂತೆ, ಅಲ್ಲಿನ ಸೂಪರಿಂಟೆಂಡೆಂಟರು ಟಿಪ್ಪಣಿ ಬರೆಯಬೇಕಂತೆ. ಆ ಟಿಪ್ಪಣಿಗಳು ಹೇಗೆ, ಎಷ್ಟು ಬೇಗ ಬರೆಯಲ್ಪಡುತ್ತವೆ ಎಂಬುದು ಮೂವತ್ತೈದು ವರ್ಷ ಅವನ್ನು ಬರೆಯದೆ ಇಟ್ಟ ದೌಲಪ್ಪನವರಿಗೆ ಚೆನ್ನಾಗಿ ಗೊತ್ತಿತ್ತು. ಹೀಗಾಗಿ ಈಗಲೂ ಬೆಳಿಗ್ಗೆ ಎಂಟಕ್ಕೆ ಅವರ ಮೊಬೈಲಿಗೆ ಸಂದೇಶ ಬರುತ್ತದೆ: "ಪ್ರಿಯ ಶಂಕ್ರಮ್ಮನವರೇ, ಬಿ.ಪಿ. ಮಾತ್ರೆ ತೆಗೆದುಕೊಂಡಿರಾ?" ಅವರು ವಿಧೇಯರಾಗಿ ತೆಗೆದುಕೊಳ್ಳುತ್ತಾರೆ. ಕಮಲಾಪುರದ ಕೇಂದ್ರದ ಬಾಗಿಲಲ್ಲಿ ಹೊಸ ಬ್ಯಾನರು ಬಂದಿದೆ. "ನಮ್ಮ ಮೊದಲ ಫಲಾನುಭವಿ, 71ರ ಅಜ್ಜಿ" ಎಂಬ ಅಕ್ಷರಗಳ ಕೆಳಗೆ ದೌಲಪ್ಪನವರ ನಾಲಿಗೆ. ಹದಿನೇಳು ಮುಖಗಳು ಅದಕ್ಕೆ ಕೈಮುಗಿದು ನಿಂತಿವೆ.

ಮನೆಯಲ್ಲಿ ಬೆತ್ತದ ಕುರ್ಚಿ ಕೂಲರಿನ ಎದುರಿಗೇ ಇದೆ. ಅದರಲ್ಲಿ ಶಂಕ್ರಮ್ಮನವರು ಕುಳಿತಿರುತ್ತಾರೆ. ಡಾಕ್ಟರ ಆಜ್ಞೆಯಂತೆ ಅವರು ಏಳುವುದಿಲ್ಲ. ಮೂವತ್ತು ವರ್ಷ ಆಡದೆ ಕೂಡಿಟ್ಟ ಮಾತುಗಳನ್ನು ಈಗ ನೇರವಾಗಿ, ಮಧ್ಯವರ್ತಿಗಳಿಲ್ಲದೆ, ಸಗಟಾಗಿ ಅಳಿಯನಿಗೆ ಒಪ್ಪಿಸುತ್ತಾರೆ. ದೂರವನ್ನೇ ದೂರ ಮಾಡುವ ವೈದ್ಯವಿಧಾನ ಎಂದು ಆ ಎಣ್ಣೆಯ ಕಾಗದ ಸುಳ್ಳು ಹೇಳಿರಲಿಲ್ಲ. ಮೊಣಕಾಲು ನೋವು ಪೂರ್ತಿ ಹೋಗಿದೆ.

ಮೊನ್ನೆ ಮಧ್ಯಾಹ್ನ ಭುವನೇಶ್ವರಿ ಬ್ಯಾಂಕಿಗೆ ಹೋಗಿದ್ದರು. ಕೂಲರಿನ ತಂಪಿಗೆ ಅತ್ತೆಯ ಕಣ್ಣು ಮುಚ್ಚಿತ್ತು, ತಲೆ ಒಂದು ಕಡೆ ವಾಲಿತ್ತು. ದೌಲಪ್ಪನವರು ಚಪ್ಪಲಿ ಬಿಟ್ಟು, ಉಸಿರು ಹಿಡಿದು, ಅಡುಗೆಮನೆ ಹೊಕ್ಕರು. ಮೇಲಿನ ಹಲಗೆಯಲ್ಲಿ, ಹಿಂದುಗಡೆ, ಮಾವಿನ ಉಪ್ಪಿನಕಾಯಿಯ ಭರಣಿ. ಮುಚ್ಚಳಕ್ಕೆ ಕೈ ಹಾಕಿದರು.

ಹಾಲ್‌ನಿಂದ ಒಂದು ಕೆಮ್ಮು ಕೇಳಿಸಿತು.

ದೌಲಪ್ಪನವರು ಅಲ್ಲಾಡಲಿಲ್ಲ. ಸ್ವಲ್ಪ ಹೊತ್ತು ಬಿಟ್ಟು ಮುಚ್ಚಳವನ್ನು ನೂಲಿನಷ್ಟು ಎತ್ತಿದರು.

ಎರಡು ಕೆಮ್ಮು.

ಮುಚ್ಚಳ ಮುಚ್ಚಿ, ಭರಣಿಯನ್ನು ಹಿಂದಕ್ಕೆ ತಳ್ಳಿ, ಬರಿಗೈಯಲ್ಲಿ ಹಾಲ್ ದಾಟಿ, ಅವರು ಬೇವಿನ ಗಿಡದ ಕೆಳಗೆ ಹೋಗಿ ಕುಳಿತರು.

ಶಂಕ್ರಮ್ಮನವರಿಗೆ ಕೆಮ್ಮಿನ ಕಾಯಿಲೆ ಇಲ್ಲ.